ಮಗಳದ್ದು ಬೆಕ್ಕಿನ ಕಣ್ಣು, ಅನುಮಾನ ನನ್ನ ಮೇಲೆ

ಪ್ರಶ್ನೆ: ನನಗೂ ಗಂಡನಿಗೂ ಕಪ್ಪು ಕಣ್ಣು. ಒಂದೂವರೆ ವರ್ಷದ ಮಗಳದ್ದು ಮಾತ್ರ ತಿಳಿ ಹಸಿರು. ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಅಂತ ಅತ್ತೆ ಮನೆಗೆ ಬಂದವರ ಎದುರಿಗೆಲ್ಲ ಹೇಳುತ್ತಾರೆ. ಈಗ ಗಂಡನೂ ಡಿಎನ್‌ಎ ಟೆಸ್ಟ್ ಮಾಡಿಸೋಣ ಅಂತಿದ್ದಾರೆ. ಒಪ್ಪಲಾ?

ಉತ್ತರ: ಪತ್ರ ಓದಿ ಸಿಟ್ಟೇ ಬಂತು. ಕಪ್ಪು ಕಣ್ಣಿನ ಅಪ್ಪ ಅಮ್ಮನಿಗೆ ತಿಳಿ ಕಣ್ಣಿನ ಮಗು ಹುಟ್ಟುವುದರಲ್ಲಿ ವಿಚಿತ್ರ ಏನೂ ಇಲ್ಲ.

ಕಣ್ಣಲ್ಲಿ ಹಸಿರು ಬಣ್ಣ, ನೀಲಿ ಬಣ್ಣ ಅಂತ ಬೇರೆ ಇರುವುದಿಲ್ಲ. ಇರುವುದು ಮೆಲನಿನ್, ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವಂಥದ್ದೇ. ಅದು ಜಾಸ್ತಿ ಇದ್ದರೆ ಕಣ್ಣು ಕಪ್ಪು, ಕಡಿಮೆ ಇದ್ದರೆ ಬೆಳಕು ಚದುರಿ ಹಸಿರೋ ನೀಲಿಯೋ ಕಾಣುತ್ತದೆ. ಇದರಲ್ಲಿ ದೊಡ್ಡ ಪಾಲು 15ನೇ ಕ್ರೋಮೋಸೋಮಿನಲ್ಲಿ (ಜೀನ್‌ಗಳನ್ನು ಹೊತ್ತ ಎಳೆ) ಅಕ್ಕಪಕ್ಕ ಇರುವ ಒಸಿಎ2, ಎಚ್‌ಇಆರ್‌ಸಿ2 ಎಂಬ ಜೀನ್‌ಗಳದ್ದು, ಅಂದರೆ ವಂಶವಾಹಿಗಳದ್ದು. ಒಂದೊಂದು ಜೀನ್‌ಗೂ ನಮ್ಮಲ್ಲಿ ಎರಡು ನಕಲು, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಕಪ್ಪಿನ ನಕಲು ಒಂದೇ ಇದ್ದರೂ ಸಾಮಾನ್ಯವಾಗಿ ಕಣ್ಣು ಕಪ್ಪೇ, ತಿಳಿ ಬಣ್ಣದ್ದು ಅದರ ಹಿಂದೆ ಅಡಗಿ ಕೂತಿರುತ್ತದೆ, ಹಾಗೇ ಎಷ್ಟೋ ತಲೆಮಾರು ಯಾರಿಗೂ ಕಾಣದೆ ಸಾಗಿ ಬರಬಹುದು. ನೀವಿಬ್ಬರೂ ಅಂಥದ್ದೊಂದನ್ನು ಹೊತ್ತಿದ್ದರೆ ಮಗುವಿಗೆ ಎರಡೂ ತಿಳಿ ನಕಲೇ ಸಿಗುವ ಸಾಧ್ಯತೆ ಶೇ 25. ನಿಜದಲ್ಲಿ ಲೆಕ್ಕ ಇಷ್ಟು ಸರಳ ಅಲ್ಲ, ಇನ್ನೂ ಹತ್ತಾರು ಜೀನ್‌ಗಳ ಕೈವಾಡ ಇದೆ. ಅದಕ್ಕೇ ಕಣ್ಣಿನ ಬಣ್ಣ ನೋಡಿ ಅಪ್ಪ ಯಾರು ಅಂತ ಹೇಳಲು ಆಗುವುದಿಲ್ಲ. ವಂಶದಲ್ಲಿ ಯಾರಿಗೂ ಇಲ್ಲ ಅನ್ನುವ ಮಾತಿಗೂ ಅರ್ಥ ಇಲ್ಲ, ಮುತ್ತಜ್ಜಿಯ ಅಮ್ಮನ ಕಣ್ಣು ಹೇಗಿತ್ತು ಅಂತ ಯಾರಿಗೆ ಗೊತ್ತು?

ಟೆಸ್ಟ್‌ಗೆ ಒಪ್ಪಬೇಡಿ ಅಂತಲೇ ನಾನು ಹೇಳುತ್ತೇನೆ. ಒಮ್ಮೆ ಮಾಡಿಸಿದರೆ ಬಾಯಿ ಮುಚ್ಚಿಸಬಹುದು ಅನ್ನಿಸುತ್ತದೆ, ಅಲ್ವಾ? ಆದರೆ ಅನುಮಾನ ಕಣ್ಣಿನಿಂದ ಮೂಗಿಗೆ, ಮೂಗಿನಿಂದ ಮೈಬಣ್ಣಕ್ಕೆ ಹೋಗುತ್ತದೆ, ಮಗಳು ದೊಡ್ಡವಳಾದಾಗ ಅದು ಅವಳ ಕಿವಿಗೂ ಬೀಳುತ್ತದೆ. ಗಂಡ ಕೇಳಿದ ಮಾತ್ರಕ್ಕೆ ಮಗುವಿಗೆ ಡಿಎನ್‌ಎ ಟೆಸ್ಟ್ ಮಾಡಿಸಬಾರದು, ತನ್ನ ಹುಟ್ಟನ್ನು ಸುಮ್ಮಸುಮ್ಮನೆ ಪ್ರಶ್ನಿಸದಂತೆ ಕಾಪಾಡಿಕೊಳ್ಳುವ ಹಕ್ಕು ಮಗುವಿಗಿದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಒಂದು ವಿಚ್ಛೇದನ ಪ್ರಕರಣದಲ್ಲಿ ಹೇಳಿದೆ.

ಬದಲಿಗೆ ಗಂಡನನ್ನು ಮಕ್ಕಳ ಡಾಕ್ಟರ ಹತ್ತಿರವೋ ಜೆನೆಟಿಕ್ ಕೌನ್ಸೆಲರ್ (ವಂಶವಾಹಿ ವಿಷಯದ ಸಲಹೆಗಾರರು) ಹತ್ತಿರವೋ ಕರೆದುಕೊಂಡು ಹೋಗಿ. ಮೇಲಿನದ್ದನ್ನೆಲ್ಲ ಅವರ ಬಾಯಿಂದಲೇ ಕೇಳಲಿ. ಆಮೇಲೆ ಅತ್ತೆಗೆ ಹೇಳಬೇಕಾದವರು ನೀವಲ್ಲ, ಅವರ ಮಗ. ಬಂದವರ ಎದುರು ಆಡಿದ ಮಾತನ್ನು ಗಂಡನೇ ನಿಲ್ಲಿಸಬೇಕು.

ಹೋದಾಗ ಇನ್ನೊಂದು ಕೇಳಿ. ಮಗುವಿನ ಕಣ್ಣುಗುಡ್ಡೆ ಅಲುಗಾಡುತ್ತಿದ್ದರೆ, ಬಿಸಿಲಿಗೆ ಕಣ್ಣು ಬಿಡದಿದ್ದರೆ ಅಥವಾ ಕರೆದರೆ ತಿರುಗದಿದ್ದರೆ ಕಣ್ಣು, ಕಿವಿಯ ಪರೀಕ್ಷೆ ಬೇಕಾಗುತ್ತದೆ. ಇದ್ಯಾವುದೂ ಇಲ್ಲದಿದ್ದರೆ ಆ ಹಸಿರು ಕಣ್ಣಿಗೆ ಯಾವ ಟೆಸ್ಟೂ ಬೇಡ.