ಚಳಿಗಾಲದಲ್ಲಿ ಮನೆ ಬಿಟ್ಟು ಹೊರಡುವ ಮುನ್ನ

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೇಸಿಗೆಯಲ್ಲಿ ಹಳೆಯ ಮನೆಯೊಂದನ್ನು ಕೊಂಡು ಸಂಸಾರಸಮೇತ ಬಂದು ಸೇರಿದ್ದೀರಿ. ಈ ಹಿಮದ ನಾಡಿನಲ್ಲಿ ಮೊದಲ ಚಳಿಗಾಲ ಹತ್ತಿರವಾಗುತ್ತಿರುವುದರಿಂದ, ಮನೆಯನ್ನು ಕಾಯಿಸುವ ಫರ್ನೇಸನ್ನು ಯಾರಿಗಾದರೂ ತೋರಿಸಬೇಕೇ, ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಪ್ರಯೋಜನವಿದೆಯೇ, ಹಿತ್ತಲಿನ ನಲ್ಲಿಯನ್ನು ಏನು ಮಾಡಬೇಕು ಎಂದು ಕೇಳಿದ್ದೀರಿ. ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲದ ಸಂಗತಿಯೆಂಬಂತೆ, ಡಿಸೆಂಬರಿನಲ್ಲಿ ನಾಲ್ಕು ವಾರ ಊರಿಗೆ ಹೋಗುತ್ತಿದ್ದೇವೆ, ಹೊರಡುವಾಗ ಎಲ್ಲವನ್ನೂ ಆರಿಸಿ ಹೋದರೆ ಸಾಕಲ್ಲವೇ ಎಂದೂ ಬರೆದಿದ್ದೀರಿ. ನಾನು ಉತ್ತರ ಬರೆಯಲು ಕುಳಿತದ್ದೇ ಆ ಕೊನೆಯ ಸಾಲಿನಿಂದಾಗಿ. ಉಳಿದವನ್ನು ಚುಟುಕಾಗಿ ಹೇಳಿ ಅಲ್ಲಿಗೆ ಬರುತ್ತೇನೆ.

ಫರ್ನೇಸನ್ನು ಚಳಿ ಬೀಳುವ ಮೊದಲೇ ಬಲ್ಲವರಿಂದ ತಪಾಸಣೆ ಮಾಡಿಸಿಬಿಡಿ. ಮೊದಲ ಹಿಮ ಬಿದ್ದ ವಾರದಲ್ಲಿ ಕರೆದರೆ ಯಾರೂ ಕೈಗೆ ಸಿಗುವುದಿಲ್ಲ. ಅದರ ಫಿಲ್ಟರನ್ನು ತಿಂಗಳಿಗೊಮ್ಮೆ ಹೊರಗೆಳೆದು ಬೆಳಕಿಗೆ ಹಿಡಿದು ನೋಡಿ, ಬೆಳಕು ತೂರದಷ್ಟು ಧೂಳು ಕಟ್ಟಿದ್ದರೆ ಬದಲಾಯಿಸಿ. ಪ್ರತಿಯೊಂದು ಅಂತಸ್ತಿನಲ್ಲೂ, ಮಲಗುವ ಕೋಣೆಗಳ ಹತ್ತಿರವೂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು, ಏಕೆಂದರೆ ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರನ್ನು ಅದು ಎಬ್ಬಿಸುವುದೂ ಇಲ್ಲ. ಕೆಲವು ಫರ್ನೇಸುಗಳ ಹೊಗೆಕೊಳವೆ ಸೂರಿನಿಂದಲ್ಲದೆ ಪಕ್ಕದ ಗೋಡೆಯಿಂದ ಹೊರಗೆ ಬಂದಿರುತ್ತದೆ. ನಿಮ್ಮದು ಹಾಗಿದ್ದರೆ ಹಿಮ ಬಿದ್ದಾಗಲೆಲ್ಲ ಅದರ ಬಾಯಿ ಮುಚ್ಚಿಹೋಗದಂತೆ ಸಲಿಕೆಯಿಂದ ಸರಿಸಿಡಿ. ಗ್ಯಾಸ್ ಒಲೆ ಉರಿಸಿಟ್ಟು ಮನೆ ಬೆಚ್ಚಗೆ ಮಾಡಿಕೊಳ್ಳುವುದು, ಕೆಂಡದ ಪಾತ್ರೆಯನ್ನು ಒಳಗೆ ತರುವುದು, ಇಂಥವುಗಳ ಯೋಚನೆಯೂ ಬೇಡ.

ಕಿಟಕಿಯ ಪ್ಲಾಸ್ಟಿಕ್ ಹಾಳೆಯಿಂದ ಪ್ರಯೋಜನ ಖಂಡಿತ ಇದೆ. ಗಾಜಿಗೂ ಹಾಳೆಗೂ ನಡುವೆ ಅಲುಗಾಡದೆ ನಿಲ್ಲುವ ಗಾಳಿಯೇ ಶಾಖವನ್ನು ತಡೆದಿಡುತ್ತದೆ. ಆದರೆ ಹಾಳೆ ಅಂಟಿಸುವ ಮೊದಲು ಗಾಳಿ ಎಲ್ಲಿಂದ ನುಸುಳುತ್ತದೆ ಎಂಬುದನ್ನು ಪತ್ತೆಮಾಡಬೇಕು, ಅದಕ್ಕೆ ಊದಿನಕಡ್ಡಿಗಿಂತ ಒಳ್ಳೆಯ ಸಾಧನವನ್ನು ನಾನಿನ್ನೂ ಕಂಡಿಲ್ಲ. ಹೊರಗೆ ಗಾಳಿ ಬೀಸುತ್ತಿರುವ ದಿನ ಕಡ್ಡಿ ಹಚ್ಚಿಕೊಂಡು ಕಿಟಕಿಯ ಚೌಕಟ್ಟು, ಬಾಗಿಲಿನ ತಳ, ಹೊರಗೋಡೆಯ ಪ್ಲಗ್ ಪಾಯಿಂಟುಗಳು, ಕೊಳವೆಗಳು ಗೋಡೆಯನ್ನು ತೂರುವ ತೂತುಗಳು, ಹೀಗೆ ಒಂದೊಂದರ ಮುಂದೆಯೂ ನಿಧಾನವಾಗಿ ಹಿಡಿಯಿರಿ. ಪರದೆಗಳಿಂದ ಮಾತ್ರ ದೂರವಿರಿ. ನೆಟ್ಟಗೆ ಏರುತ್ತಿದ್ದ ಹೊಗೆ ಎಲ್ಲಿ ಓರೆಯಾಗುತ್ತದೆಯೋ ಅಲ್ಲಿ ಫೋಮ್ ಪಟ್ಟಿಯನ್ನೋ ಸೀಲಂಟನ್ನೋ ಹಾಕಿ. ಹೆಚ್ಚಿನವರು ಕಿಟಕಿ ಬಾಗಿಲುಗಳಿಗೆ ನಿಲ್ಲಿಸಿಬಿಡುತ್ತಾರೆ. ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಹೋದಷ್ಟೂ ಕೆಳಗಿನಿಂದ ತಣ್ಣನೆಯ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ಅಟ್ಟ ಹತ್ತುವ ಮುಚ್ಚಳದ ಸುತ್ತ ಮೊದಲು ನೋಡಿ. ಅಟ್ಟ ಬೆಚ್ಚಗಾದರೆ ಇನ್ನೊಂದು ತೊಂದರೆಯೂ ಇದೆ: ಸೂರಿನ ಮೇಲಿನ ಹಿಮ ಅಡಿಯಿಂದ ಕರಗಿ, ತಣ್ಣಗಿರುವ ಅಂಚಿಗೆ ಹರಿದು ಬಂದು ಮತ್ತೆ ಹೆಪ್ಪುಗಟ್ಟಿ, ಕಟ್ಟೆಯಂತೆ ನಿಂತು, ಹಿಂದಿನ ನೀರನ್ನು ಸೂರಿನೊಳಕ್ಕೇ ತಳ್ಳುತ್ತದೆ.

ಗಾಳಿ ಬೆಳಕು ಚೆನ್ನಾಗಿರುವ ಮನೆ ಎಂದು ಹೊಗಳುವವರ ನಡುವೆ ಬೆಳೆದ ನಮಗೆ, ಗಾಳಿ ಬಾರದಂತೆ ಸಂದು ಸಂದಿಗೂ ಮೆತ್ತುವ ಈ ಕೆಲಸ ಮನಸ್ಸಿಗೆ ಒಗ್ಗುವುದು ನಿಧಾನ. ನನ್ನ ಹೆಂಡತಿ ಮೊದಲ ವರ್ಷ ಪ್ರತಿದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯನ್ನು ಸ್ವಲ್ಪ ಹೊತ್ತು ತೆರೆದಿಟ್ಟೇ ತೀರುತ್ತಿದ್ದಳು. ನಾನು ಗೊಣಗುತ್ತಿದ್ದೆ, ಆದರೆ ಅವಳೂ ಪೂರ್ತಿ ತಪ್ಪಿರಲಿಲ್ಲ. ಅಡುಗೆ, ಸ್ನಾನ, ಒಳಗೇ ಒಣಹಾಕಿದ ಬಟ್ಟೆ, ಇವುಗಳ ಹಬೆಯೆಲ್ಲ ತಣ್ಣನೆಯ ಗಾಜಿನ ಮೇಲೆ ನೀರಾಗಿ ಇಳಿದು ಚೌಕಟ್ಟಿನ ಮೂಲೆಯಲ್ಲಿ ಕಪ್ಪನೆಯ ಬೂಷ್ಟು ಹಿಡಿಯುತ್ತದೆ. ಅಡುಗೆ ಮತ್ತು ಸ್ನಾನದ ಹೊತ್ತಿನಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕುವುದನ್ನು ಮನೆಯವರೆಲ್ಲರಿಗೂ ರೂಢಿ ಮಾಡಿಸಿ.

ಹಿತ್ತಲಿನ ನಲ್ಲಿಗೆ ಸಿಕ್ಕಿಸಿರುವ ಹೋಸ್ ಪೈಪನ್ನು ಈಗಲೇ ಬಿಚ್ಚಿ ಒಳಗಿಡಿ. ಆ ನಲ್ಲಿಗೆ ಹೋಗುವ ಕೊಳವೆಗೆ ಮನೆಯೊಳಗೆ, ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ, ಒಂದು ಪ್ರತ್ಯೇಕ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದು, ಉಳಿದ ನೀರು ಬಸಿದುಹೋಗಲು ಬಿಡಿ. ಹೆಪ್ಪುಗಟ್ಟದ ಬಗೆಯ ನಲ್ಲಿಯೆಂದು ಮಾರಿದವರು ಹೇಳಿದ್ದರೂ ಹೋಸ್ ಸಿಕ್ಕಿಸಿಯೇ ಇದ್ದರೆ ನೀರು ಒಳಗೇ ನಿಂತು ಒಡೆಯುತ್ತದೆ. ಎಲೆಯುದುರಿದ ಮೇಲೆ ಸೂರಿನ ಗಟರ್ ಬಳಿಸುವುದನ್ನೂ ಮರೆಯಬೇಡಿ.

ಇನ್ನು ಊರಿಗೆ ಹೋಗುವ ವಿಚಾರ.

ನಮ್ಮ ಅಪ್ಪ ಮನೆಯಿಂದ ಹೊರಡುವಾಗ ಗ್ಯಾಸ್ ಮುಚ್ಚಿದೆಯೇ, ಮೇನ್ ಸ್ವಿಚ್ ಇಳಿಸಿದೆಯೇ ಎಂದು ಎರಡೆರಡು ಬಾರಿ ನೋಡಿ, ಬೀಗ ಹಾಕಿ, ಅದನ್ನು ಮೂರು ಸಲ ಜಗ್ಗಿ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ನಾನು ಇಲ್ಲಿಗೆ ಬಂದ ಎರಡನೆಯ ವರ್ಷ, ಅಪ್ಪನಿಗೆ ಮೈ ಸರಿಯಿಲ್ಲವೆಂದು ತಿಳಿದು ಜನವರಿಯಲ್ಲಿ ಮೂರು ವಾರಕ್ಕೆಂದು ಹೊರಟಾಗ, ಅವರ ಮಗನಾಗಿಯೇ ಹೊರಟೆ. ಯಾರೂ ಇಲ್ಲದ ಮನೆಯನ್ನು ಕಾಯಿಸಿಡುವುದು ದುಂದು ಎಂದು ತೋರಿ, ಮನೆಯ ಶಾಖ ಎಷ್ಟಿರಬೇಕೆಂದು ಫರ್ನೇಸಿಗೆ ಹೇಳುವ ಥರ್ಮೋಸ್ಟ್ಯಾಟನ್ನು ಪೂರ್ತಿ ಆರಿಸಿದೆ. ಬೀಗವನ್ನೂ ಜಗ್ಗಿ ನೋಡಿದೆ. ಇಲ್ಲಿಗೆ ಬರುವ ಮುನ್ನ ಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನು ನಾನು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಆ ನೀರು ನನ್ನ ಅಡುಗೆಮನೆಯ ಹೊರಗೋಡೆಯೊಳಗಿನ ಕೊಳವೆಯಲ್ಲೂ ಇದೆ ಎಂಬುದು ಮಾತ್ರ ಹೊಳೆಯಲಿಲ್ಲ.

ಹಿಂತಿರುಗಿದಾಗ ರಾತ್ರಿ ಹನ್ನೊಂದು ಕಳೆದಿತ್ತು. ಮನೆ ಒಳಗೂ ಹೊರಗಿನಷ್ಟೇ ತಣ್ಣಗಿತ್ತು. ನಲ್ಲಿ ತಿರುಗಿಸಿದರೆ ನೀರು ಬರಲಿಲ್ಲ. ಬೀದಿಯಲ್ಲೇ ಏನೋ ತೊಂದರೆಯಿರಬೇಕು, ಬೆಳಿಗ್ಗೆ ವಿಚಾರಿಸಿದರಾಯಿತು ಎಂದುಕೊಂಡು, ಫರ್ನೇಸನ್ನು ಜೋರಾಗಿ ಹಾಕಿ, ಕೋಟಿನಲ್ಲೇ ಹೊದ್ದು ಮಲಗಿದೆವು. ಬೆಳಗಿನ ಜಾವ ಎಚ್ಚರವಾದಾಗ ಮಳೆ ಸುರಿಯುತ್ತಿತ್ತು. ಹಂಚಿನ ಮೇಲೆ ಬಿದ್ದು ಅಂಗಳಕ್ಕೆ ಇಳಿಯುವ, ಜಡಿ ಹಿಡಿದ ಮಳೆಯ ಸದ್ದು. ಪ್ರಯಾಣದ ಮಂಪರಿನಲ್ಲಿ ನಾನು ಇನ್ನೂ ಊರಿನಲ್ಲೇ ಇದ್ದೇನೆ ಎಂದುಕೊಂಡೆ. ಮಗ್ಗುಲು ಬದಲಾಯಿಸಿ, ಕಣ್ಣು ಮುಚ್ಚಿಕೊಂಡು, ಹತ್ತು ಹದಿನೈದು ನಿಮಿಷ ಆ ಸದ್ದನ್ನು ಕೇಳುತ್ತಾ ಮಲಗಿದ್ದೆ. ಈ ದೇಶಕ್ಕೆ ಬಂದ ಮೇಲೆ ಅಷ್ಟು ನೆಮ್ಮದಿಯಾಗಿ ಮಲಗಿದ್ದು ಅದೇ ಮೊದಲಿರಬೇಕು. ಜನವರಿಯಲ್ಲಿ ಎಲ್ಲಿಯ ಮಳೆ ಎಂದು ತಲೆಗೆ ಹೊಳೆದದ್ದು ಆಮೇಲೆ.

ಹೆಪ್ಪುಗಟ್ಟಿದ ಕೊಳವೆ ಒಡೆಯುವುದು ಒಂದು ಹೊತ್ತಿನಲ್ಲಾದರೆ ನೀರು ಚಿಮ್ಮುವುದು ಇನ್ನೊಂದು ಹೊತ್ತಿನಲ್ಲಿ. ಮಂಜುಗಡ್ಡೆಯ ಬಿರಡೆ ಬೆಳೆಯುತ್ತಾ ಹೋದಂತೆ ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಕೊಳವೆ ಎಲ್ಲೋ ಒಂದೆಡೆ ಬಿರಿಯುತ್ತದೆ. ಆದರೆ ಗಡ್ಡೆಯೇ ದಾರಿ ಮುಚ್ಚಿರುವುದರಿಂದ ಏನೂ ಕಾಣುವುದಿಲ್ಲ. ಮನೆ ಬೆಚ್ಚಗಾಗಿ ಗಡ್ಡೆ ಕರಗಿದ ಮೇಲೆ ಪೂರ್ತಿ ಒತ್ತಡದಲ್ಲಿ ನೀರು ನುಗ್ಗುತ್ತದೆ. ನಾನೇ ಫರ್ನೇಸ್ ಹಾಕಿ, ನಾನೇ ಅದನ್ನು ಕರಗಿಸಿ, ಮಲಗಿ ಅದರ ಸದ್ದು ಕೇಳಿದ್ದೆ.

ನೆಲಮಾಳಿಗೆಗೆ ಇಳಿದರೆ ಪಾದ ಮುಳುಗುವಷ್ಟು ನೀರಿತ್ತು, ಮೇಲಿನ ಹಲಗೆಯ ಸಂದಿನಿಂದ ಇನ್ನೂ ಧಾರೆಯಾಗಿ ಬೀಳುತ್ತಿತ್ತು. ಮನೆಗೆ ಬರುವ ನೀರನ್ನೆಲ್ಲ ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಹಿರಿಯರ ಬಾಗಿಲು ಬಡಿದೆ. ಆ ಅಕ್ಟೋಬರಿನಲ್ಲಿ ಅವರೇ ನಮ್ಮ ಬಾಗಿಲಿಗೆ ಬಂದು, ಚಳಿಗಾಲಕ್ಕೆ ಮನೆಯಲ್ಲಿ ಏನೇನು ಮಾಡಬೇಕೆಂದು ತೋರಿಸಲೇ ಎಂದು ಕೇಳಿದ್ದರು. ಕೇಳಿದವರನ್ನು ಒಳಗೂ ಕರೆಯದೆ, ಹೊಸಿಲಲ್ಲೇ ನಿಲ್ಲಿಸಿಕೊಂಡು, ಎಲ್ಲ ಗೊತ್ತಿದೆ ಎಂದು ಕಳುಹಿಸಿದ್ದೆ. ರಾತ್ರಿಯ ಉಡುಪಿನ ಮೇಲೆ ಕೋಟು ಹಾಕಿಕೊಂಡು ಬಂದವರು ನನ್ನನ್ನು ಏನೂ ಕೇಳದೆ ನೆಟ್ಟಗೆ ನೆಲಮಾಳಿಗೆಯ ಮುಂಗೋಡೆಗೆ ಹೋಗಿ, ಅಲ್ಲಿ ನಾನು ಇಟ್ಟಿದ್ದ ಟ್ರಂಕನ್ನು ಸರಿಸಿ, ಅದರ ಹಿಂದಿದ್ದ ವಾಲ್ವನ್ನು ತಿರುಗಿಸಿದರು. ಮಳೆ ನಿಂತಿತು.

ಆ ಟ್ರಂಕಿನಲ್ಲಿ, ನಾನು ಹಾಸ್ಟೆಲ್ ಸೇರಿದಂದಿನಿಂದ ಅಪ್ಪ ಬರೆದಿದ್ದ ಪತ್ರಗಳಿದ್ದವು. ಮೊದಮೊದಲಿನವು ಶಾಯಿ ಪೆನ್ನಿನವು, ಅಂಚಿನಲ್ಲೂ ಜಾಗ ಬಿಡದೆ ಬರೆದ ಉದ್ದನೆಯ ಪತ್ರಗಳು. ಅವೆಲ್ಲ ನೀಲಿ ನೀರಾಗಿ ಹೋದವು. ಕೈ ನಡುಗತೊಡಗಿದ ಮೇಲೆ ಅವರು ಬಾಲ್ ಪೆನ್ನು ಹಿಡಿದಿದ್ದರು, ಅವು ಒಣಗಿಸಿದ ಮೇಲೂ ಓದಲು ಬಂದವು. ನಾಲ್ಕು ನಾಲ್ಕು ಸಾಲಿನವು, ಔಷಧಿಯ ವಿಚಾರ, ಆಶೀರ್ವಾದ, ಅಷ್ಟೇ. ಮರುದಿನ ಸುಖವಾಗಿ ತಲುಪಿದ್ದೇವೆಂದು ಫೋನು ಮಾಡಿದಾಗ ಅಪ್ಪ, ಮನೆಯೆಲ್ಲ ಸರಿಯಾಗಿದೆಯಾ ಎಂದು ಕೇಳಿದರು. ಸರಿಯಾಗಿದೆ ಎಂದೆ. ಅದನ್ನು ಸರಿಪಡಿಸಿ ಹೇಳುವ ಸಂದರ್ಭ ಆಮೇಲೆ ಬರಲಿಲ್ಲ.

ಆದ್ದರಿಂದ ದಯವಿಟ್ಟು ಎಲ್ಲವನ್ನೂ ಆರಿಸಿ ಹೋಗಬೇಡಿ. ಶಾಖವನ್ನು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬೇಡಿ. ಹಳೆಯ ಮನೆಯಾದ್ದರಿಂದ ನಿಮ್ಮ ಸ್ಥಾನದಲ್ಲಿ ನಾನಾಗಿದ್ದರೆ 15ಕ್ಕೆ ಇಡುತ್ತಿದ್ದೆ. ಮೇನ್ ಸ್ವಿಚ್ ಇಳಿಸಿದರೆ ಗ್ಯಾಸಿನ ಫರ್ನೇಸ್ ಕೂಡ ನಿಲ್ಲುತ್ತದೆ, ಅದರ ಗಾಳಿ ದೂಡುವ ಫ್ಯಾನು ವಿದ್ಯುತ್ತಿನದು. ಶಾಖವನ್ನು ಹಾಗೇ ಬಿಟ್ಟು, ನೀರನ್ನು ಮಾತ್ರ ಮೇನ್ ವಾಲ್ವಿನಲ್ಲಿ ನಿಲ್ಲಿಸಿ, ನಲ್ಲಿಗಳನ್ನು ತೆರೆದು ಒತ್ತಡ ಇಳಿಸಿ. ನಿಮ್ಮ ಮನೆಯನ್ನು ಕಾಯಿಸುವುದು ಬಿಸಿನೀರಿನ ಕೊಳವೆಗಳಾಗಿದ್ದರೆ, ಅಥವಾ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದ್ದರೆ, ನೀರು ನಿಲ್ಲಿಸುವ ಮುನ್ನ ಬಲ್ಲವರನ್ನು ಕೇಳಿ. ಹೊರಗೋಡೆಗೆ ಅಂಟಿಕೊಂಡಿರುವ ಸಿಂಕಿನ ಕೆಳಗಿನ ಕಪಾಟಿನ ಬಾಗಿಲುಗಳನ್ನು ತೆರೆದಿಡಿ, ಒಳಗಿನ ಬಿಸಿಗಾಳಿ ಕೊಳವೆಗೆ ತಗುಲಲಿ. ಯಾರಿಗಾದರೂ ಕೀಲಿಕೈ ಕೊಟ್ಟು, ಎರಡು ದಿನಕ್ಕೊಮ್ಮೆ ಒಳಗೆ ಬಂದು ನೋಡಲು ಹೇಳಿ. ವಿಮೆಯ ಕಾಗದವನ್ನೂ ಓದಿಕೊಳ್ಳಿ. ನನ್ನ ವಿಮೆಯವರು ಕೇಳಿದ ಮೊದಲ ಪ್ರಶ್ನೆಯೇ ಥರ್ಮೋಸ್ಟ್ಯಾಟ್ ಎಷ್ಟಕ್ಕಿತ್ತು ಎಂಬುದಾಗಿತ್ತು, ಉತ್ತರ ಹೇಳಿದ ಮೇಲೆ ಅವರೊಂದಿಗಿನ ಮಾತು ಹೆಚ್ಚು ಬೆಳೆಯಲಿಲ್ಲ.

ನೀವು ಮನೆಯಲ್ಲೇ ಇದ್ದಾಗ, ಕಡುಚಳಿಯ ರಾತ್ರಿ, ಹೊರಗೋಡೆಯ ಕಡೆಯ ನಲ್ಲಿಯಿಂದ ಸಣ್ಣಗೆ ನೀರು ತೊಟ್ಟಿಕ್ಕಲು ಬಿಡಿ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಾರದಿದ್ದರೆ, ಬಿರುಕು ಬಿಟ್ಟಿರುವ ಗುರುತು ಎಲ್ಲೂ ಇಲ್ಲವೆಂದು ನೋಡಿಕೊಂಡು, ನಲ್ಲಿಯನ್ನು ತೆರೆದಿಟ್ಟು, ಅದರ ಕಡೆಯಿಂದ ಹಿಂದಕ್ಕೆ ಹೇರ್ ಡ್ರೈಯರಿನಿಂದ ನಿಧಾನವಾಗಿ ಬೆಚ್ಚಗೆ ಮಾಡುತ್ತಾ ಹೋಗಿ. ಬೆಂಕಿ ಹಿಡಿಯುವ ಕೆಲಸ ಬೇಡ.

ಇವೆಲ್ಲಕ್ಕೂ ಮೊದಲು, ಈ ಪತ್ರ ಓದಿದ ದಿನವೇ, ಮೇನ್ ವಾಲ್ವ್ ಎಲ್ಲಿದೆಯೆಂದು ಹುಡುಕಿ. ರಸ್ತೆಯ ಕಡೆಯ ಗೋಡೆಯಿಂದ, ಮೀಟರಿನ ಹತ್ತಿರದಿಂದ, ಹುಡುಕಲು ಆರಂಭಿಸಿ. ಅದಕ್ಕೊಂದು ಕೆಂಪು ಬಟ್ಟೆಯ ತುಂಡು ಕಟ್ಟಿ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗಿ ತೋರಿಸಿ, ಅದರ ಮುಂದೆ ಯಾವ ಪೆಟ್ಟಿಗೆಯನ್ನೂ ಇಡಬೇಡಿ. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್ ಬಿಗಿದುಕೊಂಡಿರುವುದುಂಟು. ಕೈಗೆ ತಿರುಗದಿದ್ದರೆ ಇಕ್ಕಳ ಹಿಡಿದು ಬಲ ಹಾಕಲು ಹೋಗದೆ, ಹೊರಡುವುದಕ್ಕೆ ಇನ್ನೂ ವಾರಗಳಿರುವಾಗಲೇ ಪ್ಲಂಬರನ್ನು ಕರೆಸಿ ಬದಲಾಯಿಸಿಕೊಳ್ಳಿ.