‘ಸಣ್ಣ’ ಅಣುಬಾಂಬ್ ಎಂಬುದೊಂದಿಲ್ಲ

ಪ್ರಶ್ನೆ: ಟ್ಯಾಂಕು, ವಿಮಾನಗಳೊಂದಿಗೆ ಶತ್ರು ನುಗ್ಗಿದರೂ ಭಾರತ ಮೊದಲು ಅಣ್ವಸ್ತ್ರ ಬಳಸುವಂತಿಲ್ಲ. ಪಾಕಿಸ್ತಾನಕ್ಕೆ ಆ ಕಟ್ಟುಪಾಡಿಲ್ಲ. ನಮ್ಮ ಕೈ ನಾವೇ ಕಟ್ಟಿಕೊಂಡಂತಲ್ಲವೇ?

ಉತ್ತರ: ಗಡಿಯಲ್ಲಿ ಗುಂಡಿನ ಸದ್ದಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಟಿ.ವಿ. ಚರ್ಚೆಗಳಲ್ಲಿ ‘ಒಂದು ಹಾಕಿದರೆ ಮುಗೀತು’ ಎನ್ನುವವರ ಮಾತು ಕೇಳಿ ಕೇಳಿ ನನಗೆ ಸಿಟ್ಟೇ ಬಂದಿದೆ. ಸಾಂಪ್ರದಾಯಿಕ ಸೇನಾಬಲದಲ್ಲಿ ಪಾಕಿಸ್ತಾನಕ್ಕಿಂತ ನಾವು ದೊಡ್ಡವರು. ಯುದ್ಧವನ್ನು ನಾವಾಗಿಯೇ ಅಣುಯುದ್ಧ ಮಾಡಿದರೆ ಆ ಮೇಲುಗೈಯನ್ನೇ ಬಿಟ್ಟುಕೊಟ್ಟಂತೆ.

ಪಾಕಿಸ್ತಾನದ ಲೆಕ್ಕ ತಿರುವುಮುರುವು. ಲಾಹೋರ್ ಗಡಿಯಿಂದ 30 ಕಿ.ಮೀ. ಒಳಗೇ ಇದೆ, ಹಿಂದೆ ಸರಿಯಲು ಜಾಗವಿಲ್ಲ. ದೊಡ್ಡ ಭೂಭಾಗ ಹೋದರೆ, ಸೇನೆಯ ಬಹುಪಾಲು ನಾಶವಾದರೆ, ಆರ್ಥಿಕವಾಗಿ ಕತ್ತು ಹಿಸುಕಿದರೆ ಅಥವಾ ಒಳಗಿಂದ ದೇಶವನ್ನು ಅಲುಗಾಡಿಸಿದರೆ ಅಣ್ವಸ್ತ್ರ ಬಳಸಬಹುದೆಂದು ಅವರ ಅಣ್ವಸ್ತ್ರಗಳ ಉಸ್ತುವಾರಿ ಹೊತ್ತಿದ್ದ ಜನರಲ್ ಖಾಲಿದ್ ಕಿದ್ವಾಯಿ 2002ರ ಹೊತ್ತಿಗೇ ಹೇಳಿದ್ದರು. 2011ರಲ್ಲಿ ‘ಸಣ್ಣ’ ಅಣುಬಾಂಬ್ ಹೊರಬಲ್ಲ, 60 ಕಿ.ಮೀ. ವ್ಯಾಪ್ತಿಯ ನಸ್ರ್ ಕ್ಷಿಪಣಿ ಪರೀಕ್ಷಿಸಿದ್ದು ಗಡಿ ದಾಟಿ ಬರುವ ನಮ್ಮ ಟ್ಯಾಂಕುಗಳನ್ನು ತಡೆಯಲೆಂದೇ.

‘ಅದು ಅವರ ನೆಲದಲ್ಲೇ ಬಿದ್ದರೆ ನಮಗೇನು?’ ಎನ್ನುವವರು 2003ರ ಜನವರಿ 4ರಂದು ಭದ್ರತೆಗೆ ಸಂಬಂಧಿಸಿದ ಸಂಪುಟ ಸಮಿತಿ ಪ್ರಕಟಿಸಿದ ನೀತಿಯನ್ನು ಓದಲಿ. ಭಾರತದ ನೆಲದ ಮೇಲಿರಲಿ, ಎಲ್ಲೇ ಇರುವ ಭಾರತೀಯ ಸೇನೆಯ ಮೇಲಿರಲಿ, ಅಣುದಾಳಿಯಾದರೆ ಶತ್ರು ತಾಳಲಾರದಷ್ಟು ಭಾರೀ ಪ್ರತಿದಾಳಿ ಎಂದು ಅದು ಹೇಳುತ್ತದೆ. ಬಾಂಬಿನ ಗಾತ್ರಕ್ಕೆ ಅಲ್ಲಿ ರಿಯಾಯಿತಿ ಇಲ್ಲ.

ನನ್ನನ್ನು ಕಾಡುವುದು ಬೇರೆ. ಒಂದು ಟ್ಯಾಂಕ್ ದಳ ಸುಟ್ಟುಹೋದುದಕ್ಕೆ ಲಕ್ಷಾಂತರ ಜನರಿರುವ ನಗರವನ್ನು ನಾಶಮಾಡಲು ದೆಹಲಿ ನಿಜಕ್ಕೂ ಆದೇಶ ಕೊಡುತ್ತದೆಯೇ? ಕೊಡಲಾರದು ಎಂದು ಪಾಕ್ ಸೇನೆಯ ಕೇಂದ್ರ ಕಚೇರಿಯಿರುವ ರಾವಲ್ಪಿಂಡಿಗೆ ಅನ್ನಿಸಿದ ದಿನ ನಮ್ಮ ಬೆದರಿಕೆ ಸವಕಲಾಗುತ್ತದೆ. ಕೊಟ್ಟರೆ, ಅವರ ಉಳಿದ ಬಾಂಬುಗಳು ನಮ್ಮ ಊರುಗಳತ್ತ ಬರುತ್ತವೆ. ಚರ್ಚೆಯಾಗಬೇಕಾದದ್ದು ಈ ಬಿಕ್ಕಟ್ಟು. ‘ಮೊದಲು ನಾವೇ ಹಾಕೋಣ’ ಎಂಬುದು ಇದಕ್ಕೆ ಉತ್ತರವಲ್ಲ. ಅವರ ಎಲ್ಲ ಬಾಂಬುಗಳನ್ನೂ ಒಂದೇ ಏಟಿಗೆ ಮುಗಿಸುತ್ತೇವೆಂದು ಜವಾಬ್ದಾರಿಯುಳ್ಳ ಯಾವ ಸೇನಾಧಿಕಾರಿಯೂ ಭರವಸೆ ಕೊಡಲಾರರು.

ಪ್ರಶ್ನೆ: ಅಣ್ವಸ್ತ್ರವನ್ನು ಮೊದಲು ಬಳಸುವುದಿಲ್ಲವೆಂಬ ನೀತಿಯನ್ನು 2019ರಲ್ಲೇ ಕೈಬಿಟ್ಟರಂತೆ?

ಇಲ್ಲ. ಮುಂದಿನದು ಪರಿಸ್ಥಿತಿಯನ್ನು ಅವಲಂಬಿಸಿದೆ ಎಂದು ರಕ್ಷಣಾ ಸಚಿವರು ಪೋಖ್ರಾನ್‌ನಲ್ಲಿ ಹೇಳಿದರು, ಅಷ್ಟೇ.

ಪ್ರಶ್ನೆ: ಕೈಗಾ ಸ್ಥಾವರಕ್ಕೆ ಕ್ಷಿಪಣಿ ಬಿದ್ದರೆ ಅಣುಬಾಂಬಿನಂತೆ ಸಿಡಿಯುತ್ತದೆಯೇ?

ಇಲ್ಲ. ವಿಕಿರಣ ಸೋರುವ ಅಪಾಯ ಬೇರೆ ಮಾತು. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಎರಡೂ ದೇಶಗಳು 1988ರಲ್ಲಿ ಒಪ್ಪಂದ ಮಾಡಿಕೊಂಡಿವೆ.

ಪ್ರಶ್ನೆ: ಅಯೋಡಿನ್ ಮಾತ್ರೆ ಈಗಲೇ ನುಂಗಬಹುದೇ?

ದಯವಿಟ್ಟು ಬೇಡ. ಅದು ವಿಕಿರಣಶೀಲ ಅಯೋಡಿನ್‌ನಿಂದ ಥೈರಾಯ್ಡ್ ಗ್ರಂಥಿಯನ್ನಷ್ಟೇ ಕಾಪಾಡುತ್ತದೆ, ಅದೂ ಸರಿಯಾದ ಹೊತ್ತಿಗೆ ತೆಗೆದುಕೊಂಡರೆ. ‘ವಿಕಿರಣ ತಡೆಯುವ ಕಷಾಯ’ ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.