ಝಾಂಗೀಫ್ ಬಿಟ್ಟು ಕೆನ್ ಹಿಡೀಲಾ? ಓದುಗರ ಗೇಮಿಂಗ್ ಪ್ರಶ್ನೆಗಳು

ಪ್ರಶ್ನೆ: ಅಣ್ಣಾ, ಸ್ಟ್ರೀಟ್ ಫೈಟರ್ 6 ಅನ್ನೋ ಫೈಟಿಂಗ್ ಗೇಮಲ್ಲಿ ನಾನು ಝಾಂಗೀಫ್ ಅನ್ನೋ ಕುಸ್ತಿಪಟು ಕ್ಯಾರೆಕ್ಟರ್ ಆಡೋದು. ದೊಡ್ಡಪ್ಪನ ಮಗ ಗೈಲ್ ತಗೊಂಡು ಆ ಮೂಲೇಲಿ ಕೂತು ದೂರದಿಂದ್ಲೇ ಹೊಡೆಯೋ ಸೋನಿಕ್ ಬೂಮ್ ಬಿಡ್ತಾನೇ ಇರ್ತಾನೆ, ಹತ್ರ ಹೋಗೋಕೇ ಕೊಡಲ್ಲ. ಒಂದು ಸಲಾನೂ ಗೆದ್ದಿಲ್ಲ. ಮೇಲಿಂದ ಟಿಯರ್ ಲಿಸ್ಟ್ (ಕ್ಯಾರೆಕ್ಟರುಗಳನ್ನ ಬಲದ ಪ್ರಕಾರ ಜೋಡಿಸಿದ ಪಟ್ಟಿ) ತೋರ್ಸಿ "ನಿಂದು ಲೋ ಟಿಯರ್, ಕೆನ್ ಹಿಡಿ" ಅಂತಾನೆ. ಹಿಡೀಲಾ?
– ಕೋಡಿಬಾಗದ ಓದುಗ, ಕಾರವಾರ

ಉತ್ತರ: ಬೇಡ ತಮ್ಮಾ, ಈಗ್ಲೇ ಬೇಡ. ಟಿಯರ್ ಸುಳ್ಳು ಅಂತ ನಾನು ಹೇಳಲ್ಲ. ಆಟ ಚೆನ್ನಾಗಿ ಬರೋ ಇಬ್ರು, ಕೈ ಸಮಸಮ ಇರೋರು ಆಡಿದ್ರೆ ಯಾವ ಕ್ಯಾರೆಕ್ಟರ್ ಜಾಸ್ತಿ ಸಲ ಗೆಲ್ಲತ್ತೆ ಅನ್ನೋ ಅಂದಾಜು ಅದು. ಜೋಡಿ ಲೆಕ್ಕದಲ್ಲಿ 6-4 ಅಂತಾರಲ್ಲ, ಅಂದ್ರೆ ಹತ್ತು ಆಟಕ್ಕೆ ಒಬ್ಬಂಗೆ ಆರು. ಇನ್ನೊಬ್ಬಂಗೆ ನಾಲ್ಕು ಸಿಗತ್ತಲ್ಲ ಮಾರಾಯ! ನೀನು ಹತ್ತಕ್ಕೆ ಹತ್ತೂ ಸೋಲ್ತಾ ಇದ್ರೆ ಅದು ಟಿಯರ್ ಮಾಡಿದ ಕೆಲಸ ಅಲ್ಲ.

ಗೈಲ್ ಅಂದ್ರೆ ಝಾಂಗೀಫ್‌ಗೆ ಹಳೇ ಆಟಗಳಿಂದ್ಲೂ ಕಷ್ಟಾನೇ, ಅದನ್ನ ಒಪ್ಪೋಣ. ಆದ್ರೆ ನನ್ನ ಅಂದಾಜು ನೀನು ಬೂಮ್ ಬಂದ ಕೂಡ್ಲೆ ಹಾರ್ತಾ ಇದೀಯ, ಅವನಿಗೆ ಬೇಕಾಗಿದ್ದೂ ಅದೇ, ಕೆಳಗೆ ಒತ್ತಿ ಚಾರ್ಜ್ ಇಟ್ಕೊಂಡು ಕೂತಿರ್ತಾನೆ, ನೀನು ಮೇಲೆ ಬಂದ್ಯೋ ಫ್ಲಾಶ್ ಕಿಕ್, ಅಂದ್ರೆ ಮೇಲಕ್ಕೆ ಒದೆ. ಹಾರ್ಬೇಡ, ನಡಿ. ಒಂದೊಂದೇ ಹೆಜ್ಜೆ ಮುಂದೆ, ಬೂಮ್ ಮೈಗೆ ಬರೋ ಹೊತ್ತಿಗೆ ಡ್ರೈವ್ ಪ್ಯಾರಿ (ಏಟನ್ನ ತಡೆಯೋ ಮೂವ್), ಮತ್ತೆ ಹೆಜ್ಜೆ. ಪ್ಯಾರಿ ಸಿಕ್ಕಿದ್ರೆ ನಿನ್ನ ಡ್ರೈವ್ ಗೇಜ್ (ಇಂಥ ಮೂವ್ ಮಾಡೋಕೆ ಬೇಕಾದ ಶಕ್ತಿಯ ಮೀಟರ್) ತುಂಬತ್ತೆ, ಅವನು ಹಿಂದೆ ಸರೀತಾ ಸರೀತಾ ಗೋಡೆಗೆ ಅಂಟ್ಕೊಳ್ತಾನೆ, ಆಮೇಲೆ ಹಿಡಿದು ಎತ್ತಿ ಕುಕ್ಕೋ ನಿನ್ನ ಸ್ಕ್ರೂ ಪೈಲ್‌ಡ್ರೈವರ್ ಇದ್ದೇ ಇದೆ. ಹೆಚ್ಚಿನೋರ ಜೀವ 10,000 ಇದ್ರೆ ನಿಂದು 11,000, ಅಂದ್ರೆ ದಾರೀಲಿ ಎರಡು ಏಟು ತಿಂದ್ರೂ ನಡೀತದೆ. ಟ್ರೈನಿಂಗ್ ಮೋಡ್‌ನಲ್ಲಿ ಗೈಲ್‌ನ ರೆಕಾರ್ಡ್ ಮಾಡಿಟ್ಟು ಬರೀ ಇದನ್ನೇ ಮಾಡು, ಬೋರ್ ಆಗತ್ತೆ, ಆದ್ರೂ ಮಾಡು. ಕೆನ್ ಹಿಡಿದ್ರೆ ಕೆನ್‌ದು ಎಲ್ಲಾ ಮೊದಲಿಂದ ಕಲೀಬೇಕು. ಯಕ್ಷಗಾನದಲ್ಲಿ ದೊಡ್ಡ ವೇಷ ಕಟ್ಟಿದ ಕೂಡ್ಲೆ ಹೆಜ್ಜೆ ತಾನಾಗೇ ಬರತ್ತಾ?

ಹಂಗಂತ ಮೇಲೆ ಹೋದಷ್ಟೂ ಟಿಯರ್ ಬಿಸಿ ತಟ್ಟೇ ತಟ್ಟತ್ತೆ. 2004ರ ಇವೋದಲ್ಲಿ (ಫೈಟಿಂಗ್ ಗೇಮುಗಳ ದೊಡ್ಡ ಟೂರ್ನಮೆಂಟ್) ಜಸ್ಟಿನ್ ವಾಂಗ್‌ನ ಚುನ್-ಲೀ ಬಿಟ್ಟ ಸೂಪರ್ (ದೊಡ್ಡ ವಿಶೇಷ ದಾಳಿ) ಪೂರ್ತಿ ಪ್ಯಾರಿ ಮಾಡಿ ಡೈಗೋ ಗೆದ್ದ ವಿಡಿಯೋ ನೀವೆಲ್ಲ ನೋಡೇ ಇರ್ತೀರಿ. ಡೈಗೋದು ಕೆನ್. ಆ ಸ್ಟ್ರೀಟ್ ಫೈಟರ್ III: ಥರ್ಡ್ ಸ್ಟ್ರೈಕ್ ಟೂರ್ನಮೆಂಟ್‌ನ ಕೊನೆಗೆ ಗೆದ್ದಿದ್ದು ಡೈಗೋನೂ ಅಲ್ಲ, ಯುನ್ ಆಡಿದ ಕೆಂಜಿ ಒಬಾಟಾ. ಕೆನ್, ಚುನ್-ಲೀ, ಯುನ್, ಮೂರೂ ಆ ಆಟದ ಟಾಪ್ ಟಿಯರ್! ಅಲ್ಲಿ ಲೋ ಟಿಯರ್ ಶಾನ್ ತಗೊಂಡು ಬಂದು ಕಪ್ ಒಯ್ತೀನಿ ಅಂದ್ರೆ ಕಷ್ಟ. ನಿಂಗೆ ಈಗ ಬೇಕಾಗಿದ್ದು ದೊಡ್ಡಪ್ಪನ ಮಗನ್ನ ಸೋಲ್ಸೋದು ಅಷ್ಟೇ ಅಲ್ದಾ.

ಪ್ರಶ್ನೆ: ಕಾಲೇಜ್ ಫೆಸ್ಟಿಗೆ ಟೆಕ್ಕೆನ್ 7 ಅನ್ನೋ ಫೈಟಿಂಗ್ ಗೇಮ್ ಟೂರ್ನಮೆಂಟ್ ಇಡ್ತಿದೀವಿ. ಸ್ಟ್ರಾಂಗ್ ಕ್ಯಾರೆಕ್ಟರ್ ಬ್ಯಾನ್ ಮಾಡ್ಬೇಕು ಅಂತ ಹುಡುಗ್ರ ಗಲಾಟೆ.
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಮಾಡ್ಬೇಡಮ್ಮಾ. ಬ್ಯಾನ್ ಅನ್ನೋದು ಆಟಾನೇ ಹಾಳಾಗೋ ಹಂಗಿದ್ರೆ ಮಾತ್ರ, 1994ರ ಸೂಪರ್ ಸ್ಟ್ರೀಟ್ ಫೈಟರ್ II ಟರ್ಬೋದಲ್ಲಿ ಅಕುಮಾ ಇದ್ದ ಹಾಗೆ, ಗಾಳೀಲೇ ಫೈರ್‌ಬಾಲ್ ಬಿಡ್ತಿದ್ದ, ಎದುರಿನವರಿಗೆ ಮಾಡೋಕೆ ಏನೂ ಉಳೀತಿರಲಿಲ್ಲ. ಟೆಕ್ಕೆನ್ 7ರಲ್ಲೂ ಲೆರಾಯ್ ಅನ್ನೋ ಕ್ಯಾರೆಕ್ಟರ್ 2019ರ ಡಿಸೆಂಬರ್‌ನಲ್ಲಿ ಬಂದ, ಮುಂದಿನ ತಿಂಗಳೇ ಇವೋ ಜಪಾನ್‌ನ ಕೊನೇ ಎಂಟರಲ್ಲಿ ಆರು ಜನ ಅವನನ್ನೇ ಆಡಿದ್ರು, ಗೆದ್ದಿದ್ದೂ ಲೆರಾಯೇ. ಆಮೇಲೆ ಪ್ಯಾಚ್ (ಗೇಮ್ ಕಂಪನಿ ಕಳ್ಸೋ ತಿದ್ದುಪಡಿ) ಬಂದು ಅವನ ಹಲ್ಲು ಕಿತ್ರು. ನೀವು ಗೇಮ್ ಅಪ್‌ಡೇಟ್ ಮಾಡಿದ್ರೆ ಸಾಕು. ಮಳೆಗಾಲದಲ್ಲಿ ಇಡೋದಾದ್ರೆ ಬ್ಯಾನ್‌ಗಿಂತ ಮೊದ್ಲು ಯುಪಿಎಸ್ ನೋಡ್ಕೊಳ್ಳಿ, ಫೈನಲ್‌ನಲ್ಲಿ ಕರೆಂಟ್ ಹೋದ್ರೆ ಆಗೋ ಜಗಳದ ಮುಂದೆ ಇದೇನೂ ಅಲ್ಲ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಒಬ್ಬೊಬ್ರದ್ದು ಒಂದೊಂದು ಲಿಸ್ಟ್. ಯಾವ್ದು ನಂಬೋದು?
– ಓದುಗ, ಕುಮಟಾ

ಉತ್ತರ: ತಾರೀಖು ನೋಡು, ಯಾವ ಪ್ಯಾಚ್‌ದು ಅಂತ ನೋಡು, ಆಮೇಲೆ ಮಾಡಿದವನು ಯಾರನ್ನ ಆಡ್ತಾನೆ ನೋಡು. ದೊಡ್ಡ ದೊಡ್ಡ ಪ್ಲೇಯರ್‌ಗಳಿಗೂ ತಮ್ಮ ಕ್ಯಾರೆಕ್ಟರ್ ವೀಕ್ ಅನ್ನೋ ಚಟ ಇದೆ, ಇಲ್ಲಾಂದ್ರೆ ನರ್ಫ್ ಆಗತ್ತಲ್ಲ, ಅಂದ್ರೆ ಅದರ ಬಲ ಇಳಿಸ್ತಾರಲ್ಲ! ಪ್ಯಾಚೇ ಇಲ್ಲದ ಆಟದಲ್ಲೂ ಲಿಸ್ಟ್ ಅಲ್ಲಾಡತ್ತೆ. ಸ್ಮಾಶ್ ಬ್ರದರ್ಸ್ ಮೆಲೀ 2001ರದ್ದು, ಅದ್ರಲ್ಲಿ ಯೋಶಿ ಅನ್ನೋ ಕ್ಯಾರೆಕ್ಟರ್ ಅಂದ್ರೆ ಮೊದಲು ಯಾರೂ ಮೂಸಿ ನೋಡ್ತಿರಲಿಲ್ಲ, ಜಪಾನಿನ ಆಮ್ಸಾ ಅದನ್ನೇ ಹಿಡ್ಕೊಂಡು 2022ರಲ್ಲಿ ಬಿಗ್ ಹೌಸ್ 10 ಟೂರ್ನಮೆಂಟ್ ಗೆದ್ದ. ಆಟ ಅದೇ, ಯೋಶಿನೂ ಅದೇ, ಅಷ್ಟು ವರ್ಷ ಅದ್ರಲ್ಲಿ ಏನಿದೆ ಅಂತ ಉಳಿದೋರಿಗೆ ಗೊತ್ತಿರಲಿಲ್ಲ.

ಪ್ರಶ್ನೆ: ಪ್ಯಾಡಿಗೂ (ಕೈಲಿ ಹಿಡಿಯೋ ಕಂಟ್ರೋಲರ್) ಟಿಯರ್ ಇದ್ಯಾ? ಆರ್ಕೇಡ್ ಸ್ಟಿಕ್ (ಲಿವರ್, ದೊಡ್ಡ ಬಟನ್ ಇರೋ ಕಂಟ್ರೋಲರ್) ತಗೊಳ್ದೇ ಆಗಲ್ಲ ಅಂತಾರೆ.
– ಓದುಗ, ಹೊನ್ನಾವರ

ಉತ್ತರ: ಫ್ರಾನ್ಸಿನ ಲಫಿ 2014ರ ಇವೋದಲ್ಲಿ ಅಲ್ಟ್ರಾ ಸ್ಟ್ರೀಟ್ ಫೈಟರ್ 4 ಗೆದ್ದಿದ್ದು ಮೊದಲ ಪ್ಲೇಸ್ಟೇಷನ್‌ನ ಹಳೇ ಪ್ಯಾಡ್‌ನಲ್ಲಿ, ಆಡಿದ್ದು ಹೆಚ್ಚಿನೋರು ಕೈಬಿಟ್ಟಿದ್ದ ರೋಸ್. ದುಡ್ಡು ಇಟ್ಕೊ.